ನಿಮಗಿದು ಗೊತ್ತೇ? ಬ್ಯಾಟರಿ ನೀರು ಬಾವಿಯಲ್ಲಿ ಸಿಗುವುದಿಲ್ಲ

ಮಳೆಗಾಲದಲ್ಲಿ ಗಾಳಿ ಬೀಸಿ, ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋದರೆ ನಮ್ಮ ಕಡೆಯ ಮನೆಗಳಿಗೆ ಇನ್ವರ್ಟರೇ ಗತಿ. ಅದರ ಬ್ಯಾಟರಿಗೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್, ಅಂದರೆ ಭಟ್ಟಿ ಇಳಿಸಿದ ನೀರು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಹಿತ್ತಲಿಗೊಂದು ಬಾವಿ ಇರುವ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ನೀರನ್ನೂ ಅಂಗಡಿಯಿಂದ ತರಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮನೆಯಲ್ಲೇ ಮಾಡಿಕೊಳ್ಳಬಹುದು. ಯಾವ ಕೆಲಸಕ್ಕೆ, ಎಷ್ಟು, ಯಾವ ಪಾತ್ರೆಯಲ್ಲಿ ಎಂಬುದು ತಿಳಿದಿದ್ದರೆ ಗ್ಯಾಸೂ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

● ಬ್ಯಾಟರಿಯಲ್ಲಿ ದಿನ ಕಳೆದಂತೆ ಕಡಿಮೆಯಾಗುವುದು ಆಸಿಡ್ ಅಲ್ಲ, ನೀರು. ಚಾರ್ಜ್ ತುಂಬಿದ ಮೇಲೂ ಕರೆಂಟ್ ಹರಿಯುತ್ತಿದ್ದರೆ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಅನಿಲಗಳಾಗಿ ಹಾರಿಹೋಗುತ್ತದೆ. ಲೆಕ್ಕ ಹೀಗಿದೆ: ಒಂದು ಆಂಪಿಯರ್-ಅವರ್ ಹೆಚ್ಚುವರಿ ಚಾರ್ಜಿಗೆ ಒಂದು ಸೆಲ್ಲಿನಿಂದ ಸುಮಾರು ಮೂರನೇ ಒಂದು ಗ್ರಾಂ ನೀರು ನಷ್ಟ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್ಲುಗಳಿರುವುದರಿಂದ ಒಟ್ಟು 2 ಗ್ರಾಂ. ಹೀಗೆ 100 ಆಂಪಿಯರ್-ಅವರ್ ಹೆಚ್ಚುವರಿಯಾಗಿ ಹರಿದರೆ 200 ಮಿಲಿಲೀಟರ್ ಖಾಲಿ. ಆಸಿಡ್ ಅಲ್ಲೇ ಉಳಿದಿರುತ್ತದೆ. ಆದ್ದರಿಂದ ಮೇಲಿನಿಂದ ಮತ್ತೆ ಆಸಿಡ್ ಸುರಿದರೆ ಪ್ಲೇಟುಗಳು ಹಾಳಾಗುತ್ತವೆ. ಹಾಗೆ ಹೊರಬರುವ ಹೈಡ್ರೋಜನ್ ಬೆಂಕಿಗೆ ತಗುಲಿದರೆ ಸಿಡಿಯುತ್ತದೆ. ಇನ್ವರ್ಟರ್ ಇಟ್ಟ ಮೂಲೆಯಲ್ಲಿ ಊದುಬತ್ತಿ ಹಚ್ಚುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

● ನೀರು ಹಾಕುವುದಕ್ಕೂ ಒಂದು ಹೊತ್ತಿದೆ. ಪೂರ್ತಿ ಚಾರ್ಜ್ ಆದ ಮೇಲೆ ಹಾಕಬೇಕು, ಏಕೆಂದರೆ ಚಾರ್ಜ್ ಆಗುವಾಗ ಒಳಗಿನ ದ್ರವ ಉಬ್ಬುತ್ತದೆ. ಮೊದಲೇ ಕಂಠಮಟ್ಟ ತುಂಬಿಸಿದರೆ ಆಸಿಡ್ ಹೊರಗೆ ಉಕ್ಕುತ್ತದೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ, ಅದು ಮುಳುಗುವಷ್ಟು ಮೊದಲೇ ಹಾಕಿ ಚಾರ್ಜಿಗೆ ಇಡಬೇಕು.

● "ಬಾವಿ ನೀರ್ ಹೊಯ್ಬೇಡಿ ಮಾರಾಯ್ರೆ" ಎಂದು ಬ್ಯಾಟರಿ ಅಂಗಡಿಯವರು ಹೇಳುವ ಮಾತಿನ ಹಿಂದೆ ಗಟ್ಟಿ ರಸಾಯನಶಾಸ್ತ್ರವಿದೆ. ನಮ್ಮದು ಮುರಕಲ್ಲಿನ ನೆಲ. ಅದರ ಕೆಂಪು ಬಣ್ಣವೇ ಕಬ್ಬಿಣದ್ದು. ಬಾವಿ ನೀರಿನಲ್ಲಿ ಕರಗಿ ಬರುವ ಕಬ್ಬಿಣ ಬ್ಯಾಟರಿಯೊಳಗೆ ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳನ್ನು ಹೊತ್ತು ತಿರುಗುತ್ತದೆ. ಯಾವ ಬಲ್ಬೂ ಉರಿಯದೆ, ಯಾವ ಫ್ಯಾನೂ ತಿರುಗದೆ ಚಾರ್ಜ್ ಸೋರಿಹೋಗುತ್ತದೆ. ಕಡಲ ಬದಿಯ ಬಾವಿಯಾದರೆ ಉಪ್ಪಿನ ಕ್ಲೋರೈಡ್ ಬೇರೆ. ಅದು ಪ್ಲೇಟಿನ ಸೀಸದ ಜಾಲರಿಯನ್ನೇ ತಿನ್ನುತ್ತದೆ.

● ಬ್ಯಾಟರಿಗೆ ಹಾಕುವ ನೀರಿಗೆಂದೇ ಭಾರತೀಯ ಮಾನಕವೊಂದಿದೆ: ಐಎಸ್ 1069. ಕುಡಿಯುವ ನೀರಿನದು ಐಎಸ್ 10500. ಪ್ಯಾಕ್ ಮಾಡಿದ ಕುಡಿಯುವ ನೀರಿನದು ಐಎಸ್ 14543. ಕ್ಯಾನಿನ ಮೇಲೆ ಯಾವ ಸಂಖ್ಯೆ ಇದೆ ಎಂದು ನೋಡಿ ಕೊಂಡರೆ ಒಳ್ಳೆಯದು.

● ಕುಡಿಯಲು ಬಲು ಚೆಂದದ ನೀರೂ ಬ್ಯಾಟರಿಗೆ ಕೊಳಕು ನೀರೇ. ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಮಾನಕ. ಬೇರೆ ನೀರಿನ ಮೂಲವೇ ಇಲ್ಲದಲ್ಲಿ 2,000ವರೆಗೂ ಸಹಿಸಬಹುದಂತೆ. ಸಮುದ್ರದ ನೀರಿನಲ್ಲಿ ಇದು ಸುಮಾರು 35,000. ಭಟ್ಟಿ ಇಳಿಸಿದ ನೀರಿನಲ್ಲಿ ಸೊನ್ನೆಯ ಹತ್ತಿರ.

● ಸೋಪಿಗೆ ನೊರೆ ಚೆನ್ನಾಗಿ ಬಂದರೆ ನೀರು ಶುದ್ಧ ಎಂಬುದು ನಮ್ಮೂರಿನಲ್ಲಿ ನಡೆಯದ ಪರೀಕ್ಷೆ. ಮುರಕಲ್ಲಿನ ನೆಲದಲ್ಲಿ ಸುಣ್ಣದಂಶ ಕಡಿಮೆ, ಹಾಗಾಗಿ ಕರಾವಳಿಯ ಒಳಭಾಗದ ಬಾವಿ ನೀರು ಮೊದಲೇ ಮೆದು. ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಚಕ್ಕೆ ಕಟ್ಟುತ್ತದೆ, ನಮ್ಮ ಬಚ್ಚಲ ಹಂಡೆಗೆ ಅಷ್ಟು ಕಟ್ಟುವುದಿಲ್ಲ. ನೊರೆ ಹೇಳುವುದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಸುದ್ದಿ ಮಾತ್ರ. ಕಬ್ಬಿಣದ ಬಗ್ಗೆ ಅದಕ್ಕೆ ಗೊತ್ತಿಲ್ಲ.

● ಇಷ್ಟೆಲ್ಲ ಮಳೆ ಬಿದ್ದೂ ಏಪ್ರಿಲ್, ಮೇ ತಿಂಗಳಲ್ಲಿ ಹೊಳೆಬದಿಯ ಬಾವಿಗಳು ಉಪ್ಪಾಗುತ್ತವಲ್ಲ, ಅದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತವೆ. ಬ್ರಹ್ಮಾವರದ ಬದಿಯಲ್ಲಿ ಸೀತೆ, ಸ್ವರ್ಣೆಯರದು ಕೋಡಿ ಬೆಂಗ್ರೆಯ ಅಳಿವೆ. ಬೇಸಿಗೆಯಲ್ಲಿ ಘಟ್ಟದಿಂದ ಇಳಿಯುವ ನೀರು ಸಣ್ಣಗಾದಾಗ ಭರತದ ನೀರು ಹೊಳೆಯೊಳಗೆ ಮೈಲುಗಟ್ಟಲೆ ಮೇಲೇರುತ್ತದೆ. ಅದಕ್ಕೇ ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವುದು. ಒಂದು ಹಲಗೆ ತಡವಾದರೂ ಮೇಲಿನ ಗದ್ದೆ, ಬಾವಿ ಎರಡಕ್ಕೂ ಉಪ್ಪು ತಗಲುತ್ತದೆ.

● ನೆಲದಡಿಯಲ್ಲೂ ಇದೇ ಹೋರಾಟ ನಡೆಯುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹೀಗಾಗಿ ಕಡಲತೀರದ ಹೊಯಿಗೆಯಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. 1888ರಲ್ಲಿ ಘೈಬೆನ್, 1901ರಲ್ಲಿ ಹೆರ್ಜ್‌ಬರ್ಗ್ ಎಂಬವರು ಇದರ ಲೆಕ್ಕ ಕೊಟ್ಟರು: ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಇದರ ಇನ್ನೊಂದು ಮುಖ ಭಯ ಹುಟ್ಟಿಸುವಂಥದ್ದು. ಪಂಪು ಹಚ್ಚಿ ಮೇಲಿನ ನೀರನ್ನು ಒಂದಡಿ ಇಳಿಸಿ ಹಾಗೇ ಬಿಟ್ಟರೆ ಕೆಳಗಿನ ಉಪ್ಪು 40 ಅಡಿ ಮೇಲೇರಲು ದಾರಿ ಸಿಗುತ್ತದೆ. ಹೊಳೆ ಮತ್ತು ಕಡಲ ನಡುವಿನ ಪಟ್ಟಿಯಂಥ ಜಾಗಗಳಲ್ಲಿ, ಮರವಂತೆಯಲ್ಲಾಗಲಿ ಕೋಡಿ ಬೆಂಗ್ರೆಯಲ್ಲಾಗಲಿ, ದೊಡ್ಡ ಪಂಪಿಗಿಂತ ಕೊಡಪಾನವೇ ಬಾವಿಯ ನಿಜವಾದ ಮಿತ್ರ.

● ಉಪ್ಪಾದ ನೀರನ್ನು ಎಷ್ಟು ಹೊತ್ತು ಕುದಿಸಿದರೂ ಸಿಹಿಯಾಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಪಾತ್ರೆಯಲ್ಲಿರುವುದು ಮತ್ತಷ್ಟು ಉಪ್ಪಾಗುತ್ತದೆ. ನಮಗೆ ಬೇಕಾದದ್ದು ಆ ಹಾರಿಹೋಗುವ ಆವಿ.

● ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ನಡೆಯುವುದು ಅದೇ ಕ್ರಿಯೆ. ಅಲ್ಲಿ ಆವಿಯನ್ನು ಬಿಟ್ಟು ಉಪ್ಪನ್ನು ಇಟ್ಟುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದಲ್ಲಿ ಬ್ರಿಟಿಷರ ಕಾನೂನು ಮುರಿದದ್ದೂ ಸಮುದ್ರದ ನೀರಿನಿಂದ ಉಪ್ಪು ಮಾಡಿಯೇ.

● ಮಳೆಗಿಂತ ದೊಡ್ಡ ಭಟ್ಟಿ ಭೂಮಿಯಲ್ಲಿ ಇನ್ನೊಂದಿಲ್ಲ. ಬಿಸಿಲಿಗೆ ಅರಬ್ಬೀ ಸಮುದ್ರ ಆವಿಯಾಗುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಗಾಳಿ ಆ ಆವಿಯನ್ನು ಹೊತ್ತು ತಂದು ಕೊಡಚಾದ್ರಿಯ ಗೋಡೆಗೆ ತಾಗಿಸುತ್ತದೆ. ಮೇಲೇರಿದಂತೆ ಅದು ತಣ್ಣಗಾಗಿ ಹನಿಗಟ್ಟುತ್ತದೆ. ಬಿಸಿಮಾಡುವ ಒಲೆ, ತಣಿಸುವ ಮುಚ್ಚಳ, ಹನಿ ಹಿಡಿಯುವ ಪಾತ್ರೆ ಎಲ್ಲವೂ ಅಲ್ಲಿವೆ.

ಹಾಗಾದರೆ ಮಳೆನೀರನ್ನೇ ಬ್ಯಾಟರಿಗೆ ಹಾಕಬಹುದಲ್ಲ? ಇಲ್ಲ. ಕಡಲ ತೆರೆ ಒಡೆದಾಗ ಗಾಳಿಗೇರುವ ಉಪ್ಪಿನ ಕಣಗಳ ಸುತ್ತಲೂ ಮಳೆಹನಿ ಕಟ್ಟುತ್ತದೆ. ಕರಾವಳಿಯ ಮಳೆಯಲ್ಲಿ ಉಪ್ಪಿನಂಶ ಒಳನಾಡಿಗಿಂತ ಹೆಚ್ಚು. ಅದರ ಮೇಲೆ ಮಾಡಿನ ಹಂಚಿನ ಪಾಚಿ, ಹಕ್ಕಿ ಹಿಕ್ಕೆ, ತರಗೆಲೆಯ ಕಷಾಯ. ಕುಡಿಯಲು ಸೋಸಿ ಕಾಯಿಸಿದರೆ ಉತ್ತಮ ನೀರು, ಬ್ಯಾಟರಿಗೆ ಬೇಡ.

● ಮಳೆನೀರೆಲ್ಲ ಒಂದೇ ಅಲ್ಲ ಎಂಬುದನ್ನು ನಮ್ಮ ಹಿಂದಿನವರು ಗಮನಿಸಿದ್ದರು. ಸುಶ್ರುತ ಸಂಹಿತೆ ಆಕಾಶದ ನೀರನ್ನು 'ಗಾಂಗ' ಮತ್ತು 'ಸಾಮುದ್ರ' ಎಂದು ಬೇರೆ ಮಾಡುತ್ತದೆ. ಪರೀಕ್ಷೆ ಹೀಗೆ: ಬೆಳ್ಳಿ ಪಾತ್ರೆಯಲ್ಲಿ ಅನ್ನದ ಮುದ್ದೆ ಇಟ್ಟು ಮಳೆಗೆ ಒಂದು ಮುಹೂರ್ತ ಒಡ್ಡುವುದು. ಅನ್ನ ಹಾಗೇ ಇದ್ದರೆ ಗಾಂಗ, ಬಣ್ಣಗೆಟ್ಟು ಕದಡಿದರೆ ಸಾಮುದ್ರ.

● ಮನೆಯಲ್ಲಿ ಇಡ್ಲಿ ಬೇಯಿಸುವಾಗ ಮುಚ್ಚಳ ಎತ್ತಿದರೆ ತೊಟ್ಟಿಕ್ಕುವ ನೀರಿದೆಯಲ್ಲ, ಅದು ಭಟ್ಟಿ ಇಳಿದ ನೀರೇ. ಅದನ್ನು ಇಡ್ಲಿಯ ಮೇಲೆ ಬೀಳಲು ಬಿಡದೆ ಬೇರೆ ಬಟ್ಟಲಿಗೆ ಹಿಡಿಯುವುದೇ ಇಡೀ ವಿದ್ಯೆ. ಮಾಡುವ ಕ್ರಮ ಇಲ್ಲಿದೆ.

ದೊಡ್ಡ ಸ್ಟೀಲ್ ಬೋಗುಣಿಗೆ ಮೂರರಲ್ಲೊಂದು ಭಾಗ ನೀರು ಹಾಕಿ. ಒಳಗೆ ಸ್ಟೀಲಿನ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಅಗಲವಾದ ಸ್ಟೀಲ್ ಬಟ್ಟಲು ಇಡಿ. ಬಟ್ಟಲಿನ ಅಂಚು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಲಿ, ಇಲ್ಲವಾದರೆ ಕುದಿಯುವ ನೀರು ಸಿಡಿದು ಒಳಬೀಳುತ್ತದೆ. ಮೊದಲ ಐದು ನಿಮಿಷ ಮುಚ್ಚದೆ ಕುದಿಸಿ. ಆಮೇಲೆ ಉಬ್ಬಿದ ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ, ಅದರ ನಡುವಿನ ಹಿಡಿ ಸರಿಯಾಗಿ ಬಟ್ಟಲಿನ ನೆತ್ತಿಗೆ ಬರಬೇಕು. ಮುಚ್ಚಳದ ಗುಳಿಯಲ್ಲಿ ತಣ್ಣೀರು ಹಾಕಿ. ಉರಿ ಸಣ್ಣಗಿರಲಿ. ಉಗಿ ಮುಚ್ಚಳಕ್ಕೆ ತಾಗಿ ಹನಿಯಾಗಿ, ಇಳಿಜಾರಿನಲ್ಲಿ ಹಿಡಿಯವರೆಗೆ ಜಾರಿ ಬಟ್ಟಲಿಗೆ ಬೀಳುತ್ತದೆ. ಬೋಗುಣಿಯಂಚಿನಿಂದ ಉಗಿ ಭುಸುಗುಡುತ್ತಿದ್ದರೆ ಒಂದೋ ಉರಿ ಹೆಚ್ಚಾಗಿದೆ, ಇಲ್ಲವೇ ಮುಚ್ಚಳದ ನೀರು ಬಿಸಿಯಾಗಿದೆ.

● ಮೊದಲ ಐದು ನಿಮಿಷ ಮುಚ್ಚಳ ಯಾಕೆ ಬೇಡ? ನೀರಿಗಿಂತ ಬೇಗ ಹಾರುವ ವಸ್ತುಗಳು ಮೊದಲು ಹೊರಟುಹೋಗಲಿ ಎಂದು. ನಳ್ಳಿ ನೀರಿಗೆ ಹಾಕುವ ಕ್ಲೋರಿನ್ನಿನಿಂದ ಹುಟ್ಟಬಹುದಾದ ಕ್ಲೋರೋಫಾರ್ಮ್ ಕುದಿಯುವುದು 61 ಡಿಗ್ರಿಯಲ್ಲೇ. ಮುಚ್ಚಿದ್ದರೆ ಅದೂ ಬಟ್ಟಲಿಗೇ ಇಳಿಯುತ್ತದೆ. ಹಾಗೆಯೇ ಕೊನೆಯ ಕಾಲುಭಾಗ ನೀರು ಉಳಿದಾಗ ಒಲೆ ಆರಿಸಿ. ತಳದಲ್ಲಿ ಉಳಿದದ್ದು ಗಟ್ಟಿ ಉಪ್ಪು, ಕಬ್ಬಿಣದ ನೀರು, ಅದನ್ನು ಚೆಲ್ಲಿಬಿಡಿ.

● ಭಟ್ಟಿಯಲ್ಲಿ ಉರಿಗಿಂತ ತಣಿಸುವುದೇ ಕಷ್ಟದ ಕೆಲಸ. ಒಂದು ಲೀಟರ್ ನೀರು ಉಗಿಯಾಗಲು 2,257 ಕಿಲೋಜೂಲ್ ಶಾಖ ಹೀರುತ್ತದೆ. ಮತ್ತೆ ಹನಿಯಾಗುವಾಗ ಅಷ್ಟನ್ನೂ ಮುಚ್ಚಳಕ್ಕೆ ಕೊಟ್ಟುಬಿಡುತ್ತದೆ. 28 ಡಿಗ್ರಿಯ ಬಾವಿ ನೀರು ಮುಚ್ಚಳದ ಮೇಲೆ 60 ಡಿಗ್ರಿಯವರೆಗೆ ಬಿಸಿಯಾಗಲು ಬಿಟ್ಟು ಬದಲಿಸುತ್ತಾ ಹೋದರೆ, ಒಂದು ಲೀಟರ್ ಭಟ್ಟಿ ನೀರಿಗೆ ಸುಮಾರು 17 ಲೀಟರ್ ಬಾವಿ ನೀರು ಬೇಕು. ಐಸ್ ಇಟ್ಟರೆ ಸುಮಾರು 4 ಕಿಲೋ.

ಈ 17 ಲೀಟರ್ ಬಿಸಿನೀರನ್ನು ಚರಂಡಿಗೆ ಚೆಲ್ಲಬೇಡಿ. ಒಬ್ಬರ ಸ್ನಾನಕ್ಕೆ ತಣ್ಣೀರು ಬೆರೆಸಿಕೊಂಡರೆ ಸಾಕಾಗಿ ಮಿಗುತ್ತದೆ. ಬೆಳಗ್ಗೆ ಹೇಗೂ ಬಚ್ಚಲಿಗೆ ಬಿಸಿನೀರು ಕಾಯಿಸುವ ಮನೆಯಲ್ಲಿ ಭಟ್ಟಿಯನ್ನೂ ಅದೇ ಹೊತ್ತಿಗೆ ಇಟ್ಟುಕೊಂಡರೆ ಸುಟ್ಟ ಉರಿ ಎರಡು ಕೆಲಸಕ್ಕೆ ಬರುತ್ತದೆ. ಮಡಲು, ತೆಂಗಿನ ಗೆರಟೆ ಹಿತ್ತಲಲ್ಲೇ ಬಿದ್ದಿರುವವರಿಗೆ ಗ್ಯಾಸಿನ ಚಿಂತೆಯೂ ಇಲ್ಲ. ಆದರೆ ಹೊಗೆ ಮಸಿ ಬಟ್ಟಲಿಗೆ ಸೇರದಂತೆ ಮುಚ್ಚಳ ತೆಗೆಯುವಾಗ ಜಾಗ್ರತೆ.

● ಗ್ಯಾಸಿನಲ್ಲಾದರೆ ಖರ್ಚೆಷ್ಟು? ಬಾವಿ ನೀರನ್ನು ಕುದಿಗೆ ತಂದು ಪೂರ್ತಿ ಆವಿಯಾಗಿಸಲು ಲೀಟರಿಗೆ ಸುಮಾರು 2,560 ಕಿಲೋಜೂಲ್ ಬೇಕು. ಕರೆಂಟಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ. ಒಲೆಯ ಶಾಖದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಪಾತ್ರೆಗೆ ಸೇರುವುದರಿಂದ ಲೀಟರಿಗೆ 100 ಗ್ರಾಂ ಗ್ಯಾಸ್ ಎಂದು ಹಿಡಿಯಬಹುದು. 14.2 ಕಿಲೋದ ಸಿಲಿಂಡರ್ ಒಂದು, ಹೆಚ್ಚೆಂದರೆ 140 ಲೀಟರ್. ಬ್ಯಾಟರಿಗೆ ವರ್ಷಕ್ಕೆ ಕೆಲವು ಲೀಟರ್ ಮಾಡಿಕೊಳ್ಳಲು ಇದು ಪರವಾಗಿಲ್ಲ. ಇಡೀ ಮನೆಯವರ ಕುಡಿಯುವ ನೀರನ್ನು ಹೀಗೆ ಮಾಡಹೊರಟರೆ ದಿನಕ್ಕೆ ಒಂದು ಕಿಲೋ ಗ್ಯಾಸ್ ಹಾಳು. ಅದು ಬೇಡವೇ ಬೇಡ.

● ಕುಕ್ಕರಿನ ಮೂತಿಗೆ ತಾಮ್ರದ ನಳಿಗೆ ಸಿಕ್ಕಿಸಿ ಬಕೆಟ್ ನೀರಿನೊಳಗೆ ಹಾಯಿಸುವ ಉಪಾಯ ಹಲವರಿಗೆ ಗೊತ್ತು. ಎರಡು ಎಚ್ಚರಿಕೆ. ನಳಿಗೆ ಮಡಿಸಿಯೋ ಕಸ ಸಿಕ್ಕಿಯೋ ಕಟ್ಟಿಕೊಂಡರೆ ಕುಕ್ಕರ್ ಸಿಡಿಯಬಹುದು, ಸೇಫ್ಟಿ ವಾಲ್ವನ್ನು ಮುಟ್ಟಲೇಬಾರದು. ಇನ್ನೊಂದು, ತಾಮ್ರದ ಅಂಶ ಸೇರಿದ ನೀರು ಬ್ಯಾಟರಿಗೆ ಒಳ್ಳೆಯದಲ್ಲ. ಪಿವಿಸಿ ಪೈಪು ಬಿಸಿ ಉಗಿಗೆ ಮೆತ್ತಗಾಗುತ್ತದೆ. ಸೀಸದ ಬೆಸುಗೆ ಹಾಕಿದ ನಳಿಗೆ ಯಾವ ಕೆಲಸಕ್ಕೂ ಬೇಡ. ಗಾಜು, ಸ್ಟೀಲ್ ಎರಡೇ ನಂಬಿಕೆಯವು. ಕಾಲೇಜಿನ ಪ್ರಯೋಗಾಲಯಗಳಲ್ಲಿ ಗಾಜಿನ ಕಂಡೆನ್ಸರ್ ಬಳಸುವುದು ಅದಕ್ಕೇ.

● ನೀರು ಭಟ್ಟಿ ಇಳಿಸುವುದು ಅಪರಾಧವಲ್ಲ. ಅದೇ ಪಾತ್ರೆಯಲ್ಲಿ ಸಾರಾಯಿ ಇಳಿಸಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಸಾರಾಯಿ ಗಡಂಗುಗಳು ರಾಜ್ಯದಲ್ಲಿ ಮುಚ್ಚಿದ್ದು 2007ರ ಜುಲೈಯಲ್ಲಿ. ಕಳ್ಳಭಟ್ಟಿ ಕುಡಿದು ಕಣ್ಣು ಕಳೆದುಕೊಂಡವರ ಸುದ್ದಿಯ ಹಿಂದೆ ಹೆಚ್ಚಾಗಿ ಇರುವುದು ಮೆಥನಾಲ್. ಅದು ಕುದಿಯುವುದು 64.7 ಡಿಗ್ರಿಯಲ್ಲಿ, ಎಥನಾಲ್ 78.3ರಲ್ಲಿ. ಕುಡಿಯುವವರ ನಾಲಗೆಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ.

● 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕಾಗುವುದಿಲ್ಲ, 95-96ರಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ ಇರುವುದೇ ಕಾರಣ. ಸಮುದ್ರದ ನೀರು ಮಾತ್ರ ಗಂಗೊಳ್ಳಿಯ ದಡದಲ್ಲೂ 100 ದಾಟಿ ಅರ್ಧ ಡಿಗ್ರಿಯಷ್ಟು ಮೇಲೆಯೇ ಕುದಿಯುವುದು.

● ಒತ್ತಡ ಇಳಿಸಿದರೆ ಒಲೆಯೇ ಇಲ್ಲದೆ ಭಟ್ಟಿ ಇಳಿಸಬಹುದು. ನಮ್ಮೆದುರಿನ ಅರಬ್ಬೀ ಸಮುದ್ರದಲ್ಲೇ ಇರುವ ಲಕ್ಷದ್ವೀಪದ ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಅಂಥ ಸ್ಥಾವರ ಕಟ್ಟಿತು. ಗಾಳಿ ತೆಗೆದ ತೊಟ್ಟಿಯೊಳಗೆ ಮೇಲ್ಮೈಯ ಬೆಚ್ಚಗಿನ ಕಡಲ ನೀರನ್ನು ಬಿಟ್ಟರೆ ಅದು ತನ್ನ ಬಿಸಿಯಿಂದಲೇ ಆವಿಯಾಗುತ್ತದೆ. ಆವಿಯನ್ನು ತಣಿಸಲು ಮುನ್ನೂರು ಮೀಟರಿಗೂ ಆಳದಿಂದ ತಣ್ಣನೆಯ ನೀರು ಎಳೆಯುತ್ತಾರೆ. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯ. ಮಿನಿಕಾಯ್, ಅಗತ್ತಿಗಳಿಗೂ ಆಮೇಲೆ ಇದು ಬಂತು. ಲಕ್ಷದ್ವೀಪ ನಮಗೆ ಪರಕೀಯವೇನಲ್ಲ: ಅದರ ಉತ್ತರದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಕುಂದಾಪುರ ತಾಲ್ಲೂಕು ಇದ್ದದ್ದೂ ಅದೇ ಜಿಲ್ಲೆಯಲ್ಲಿ.

● ಬಿಸಿಲಿನ ಭಟ್ಟಿ ಬಲು ಹಳೆಯದು. ದಕ್ಷಿಣ ಅಮೆರಿಕದ ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ 1872ರಲ್ಲಿ ಚಾರ್ಲ್ಸ್ ವಿಲ್ಸನ್ ಎಂಬ ಎಂಜಿನಿಯರ್ ಮರ ಮತ್ತು ಗಾಜಿನಿಂದ ದೊಡ್ಡ ಸೌರಭಟ್ಟಿ ಕಟ್ಟಿದ. ದಿನಕ್ಕೆ 20,000 ಲೀಟರಿಗೂ ಹೆಚ್ಚು ಸಿಹಿನೀರು ಬರುತ್ತಿತ್ತು, ಗಣಿ ಕೆಲಸದ ಪ್ರಾಣಿಗಳೂ ಕುಡಿದದ್ದು ಅದನ್ನೇ.

ನಮ್ಮ ಅಂಗಳಕ್ಕೆ ಅದರ ಚಿಕ್ಕ ಮಾದರಿ ಸಾಕು. ಕಪ್ಪು ಬಳಿದ ಒಂದು ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಷ್ಟು ನೀರು, ಮೇಲೆ ಓರೆಯಾಗಿ ಇಟ್ಟ ಗಾಜು, ಗಾಜಿನ ಕೆಳಯಂಚಿನಲ್ಲಿ ಹನಿ ಹಿಡಿಯುವ ದೋಣಿ, ಸುತ್ತ ಉಗಿ ಸೋರದಂತೆ ಬಿಗಿ. ಗಾಜು ದಕ್ಷಿಣಕ್ಕೆ ಮುಖ ಮಾಡಿರಲಿ. ನಮ್ಮ ಅಕ್ಷಾಂಶ 13 ಡಿಗ್ರಿ ಚಿಲ್ಲರೆ, ಗಾಜಿನ ಓರೆಯನ್ನೂ 15 ಡಿಗ್ರಿಯ ಹತ್ತಿರ ಇಟ್ಟರೆ ಹನಿ ನಡುವೆ ಉದುರದೆ ಅಂಚಿಗೆ ಜಾರುತ್ತದೆ. ಒಳ್ಳೆಯ ಬಿಸಿಲಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಎರಡು ಮೂರು ಲೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೆ ಬಾವಿ ಉಪ್ಪಾಗುವ ತಿಂಗಳುಗಳೇ ಬಿಸಿಲು ಕಾಯುವ ತಿಂಗಳುಗಳು. ಫೆಬ್ರವರಿಯಿಂದ ಮೇವರೆಗೆ ಮಾಡಿ ತುಂಬಿಸಿಟ್ಟುಕೊಂಡರೆ ಮಳೆಗಾಲದ ಇನ್ವರ್ಟರಿಗೆ ಧಾರಾಳವಾಯಿತು, ಕಾಸೂ ಖರ್ಚಿಲ್ಲ. ನನ್ನನ್ನು ಕೇಳಿದರೆ ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ಪ್ರತಿ ವರ್ಷವೂ ಮಕ್ಕಳ ಕೈಯಲ್ಲಿ ಕಟ್ಟಿಸಬೇಕಾದ ವಸ್ತು ಇದು.

● ಕಡಲಿನಲ್ಲಿ ಸಿಹಿನೀರು ಮುಗಿದರೆ? ಗಂಗೊಳ್ಳಿಯ ಬೋಟಿನವರು ಡ್ರಮ್ಮುಗಳಲ್ಲಿ ನೀರು ತುಂಬಿಕೊಂಡೇ ಹೊರಡುತ್ತಾರೆ. ಗ್ರೀಕ್ ನಾವಿಕರು ಕಡಲ ನೀರನ್ನು ಹಿತ್ತಾಳೆ ಪಾತ್ರೆಯಲ್ಲಿ ಕುದಿಸಿ, ಬಾಯಿಗೆ ಸ್ಪಂಜು ತೂಗುಹಾಕಿ, ಉಗಿ ಹೀರಿದ ಸ್ಪಂಜನ್ನು ಹಿಂಡಿ ಕುಡಿಯುತ್ತಿದ್ದರೆಂದು ಸುಮಾರು 1,800 ವರ್ಷದ ಹಿಂದಿನ ಅಫ್ರೊಡಿಸಿಯಾಸ್‌ನ ಅಲೆಕ್ಸಾಂಡರ್ ಬರೆದಿಟ್ಟಿದ್ದಾನೆ. ಎರಡನೇ ಮಹಾಯುದ್ಧದ ಕಾಲಕ್ಕೆ ಮರಿಯಾ ಟೆಲ್ಕೆಸ್ ಎಂಬ ವಿಜ್ಞಾನಿ ಜೀವರಕ್ಷಕ ದೋಣಿಯಲ್ಲಿ ಗಾಳಿ ತುಂಬಿ ತೇಲಿಬಿಡುವ ಸೌರಭಟ್ಟಿ ರೂಪಿಸಿದರು.

● ಎಸಿಯ ಪೈಪಿನಿಂದ ಸುರಿಯುವ ನೀರೂ ಗಾಳಿಯಿಂದ ಇಳಿದ ಭಟ್ಟಿ ನೀರೇ. 30 ಡಿಗ್ರಿಯ ತೇವ ತುಂಬಿದ ಗಾಳಿ ಒಂದು ಘನ ಮೀಟರಿಗೆ 30 ಗ್ರಾಂ ನೀರು ಹೊರಬಲ್ಲದು. ನಮ್ಮ ಏಪ್ರಿಲ್ ಸೆಕೆಗೆ ಒಂದೇ ರಾತ್ರಿಯಲ್ಲಿ ಬಕೆಟ್ ತುಂಬುವುದು ಅದಕ್ಕೇ. ಆದರೆ ಆ ನೀರು ಧೂಳು ಹಿಡಿದ ತಾಮ್ರ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಇಳಿದು ಲೋಳೆ ಕಟ್ಟಿದ ತಟ್ಟೆಯಲ್ಲಿ ನಿಂತು ಬರುತ್ತದೆ. ಗಿಡಕ್ಕೆ, ನೆಲ ಒರೆಸಲು ಬಳಸಿ. ಕುಡಿಯಬೇಡಿ, ಬ್ಯಾಟರಿಗೂ ಹಾಗೇ ಹಾಕಬೇಡಿ. ಮತ್ತೊಮ್ಮೆ ಭಟ್ಟಿ ಇಳಿಸಲು ಮಾತ್ರ ಒಳ್ಳೆಯ ಕಚ್ಚಾವಸ್ತು.

● ಆರ್‌ಒ ಮೆಶಿನಿನ ನೀರು ಡಿಸ್ಟಿಲ್ಡ್ ವಾಟರ್ ಅಲ್ಲ. ಅದರಲ್ಲಿ ಉಪ್ಪಿನಂಶ ಇನ್ನೂ ಉಳಿದಿರುತ್ತದೆ. ಅಂಗಡಿಯ ಬ್ಯಾಟರಿ ನೀರಿನಲ್ಲೂ ಬಹಳಷ್ಟು ಒಲೆ ಕಂಡದ್ದಲ್ಲ, ರೆಸಿನ್ ಹರಳುಗಳ ಮೂಲಕ ಹಾಯಿಸಿ ಲವಣ ತೆಗೆದ 'ಡಿಎಂ ವಾಟರ್'. ಬ್ಯಾಟರಿಗೆ ಅದು ಸಾಕು.

● ಡಿಸ್ಟಿಲ್ಡ್ ವಾಟರ್ ಕುಡಿದರೆ ಸಾಯುತ್ತಾರೆ ಎಂಬುದು ಸುಳ್ಳು. ಒಂದು ಲೋಟ ಕುಡಿದರೆ ಏನೂ ಆಗುವುದಿಲ್ಲ, ಕುದಿಯುವಾಗ ಕರಗಿದ ಗಾಳಿ ಹೋಗಿರುವುದರಿಂದ ಸಪ್ಪೆ ಅನ್ನಿಸುತ್ತದೆ. ಆದರೆ ಅದೇ ಆರೋಗ್ಯಕ್ಕೆ ಶ್ರೇಷ್ಠ ಎಂದು ದಿನಾಲೂ ಅದನ್ನೊಂದನ್ನೇ ಕುಡಿಯುವುದೂ ತಪ್ಪು. ಕ್ಯಾಲ್ಸಿಯಂ, ಮೆಗ್ನೀಸಿಯಂ ಯಾವುದೂ ಅದರಲ್ಲಿಲ್ಲ. ವಾಂತಿಭೇದಿಯಾದವರಿಗೆ ಬರೀ ಭಟ್ಟಿ ನೀರು ಕೊಡುವುದು ಅಪಾಯಕಾರಿ. ಅವರಿಗೆ ಬೇಕಾದದ್ದು ಓಆರ್‌ಎಸ್, ಉಪ್ಪು ಹಾಕಿದ ಗಂಜಿ ತಿಳಿ.

● ಇಂಜೆಕ್ಷನ್‌ಗೆ ಬಳಸುವ ನೀರು ಬೇರೆಯದೇ. ಸತ್ತ ಬ್ಯಾಕ್ಟೀರಿಯಾದ ಅಂಶ ಕೂಡ ಜ್ವರ ತರಬಲ್ಲದು, ಅದನ್ನೂ ತೆಗೆದು ಆಂಪೂಲಿನಲ್ಲಿ ಸೀಲ್ ಮಾಡಿದ್ದು ಅದು. ಮನೆಯ ಭಟ್ಟಿ ನೀರು ಇಂಜೆಕ್ಷನ್ನಿಗೂ ಬೇಡ, ಮಗುವಿನ ನೆಬ್ಯುಲೈಸರಿಗೂ ಬೇಡ. ಮೂಗು ತೊಳೆಯುವ ಜಲನೇತಿಗೆ ಮಾತ್ರ ಬಾವಿ ನೀರನ್ನು ನೇರ ಬಳಸುವುದಕ್ಕಿಂತ ಕುದಿಸಿ ಆರಿಸಿದ್ದೋ, ಆಗಷ್ಟೇ ಭಟ್ಟಿ ಇಳಿಸಿದ್ದೋ ಸುರಕ್ಷಿತ. ಮಿದುಳಿಗೆ ಏರುವ ಅಪರೂಪದ ಅಮೀಬಾ ಮೂಗಿನ ದಾರಿಯಿಂದಲೇ ಹೋಗುವುದು.

● ಮೈಕ್ರೋವೇವ್ ಓವನ್ನಿನಲ್ಲಿ ಭಟ್ಟಿ ನೀರು ಕಾಯಿಸಬೇಡಿ. ಗುಳ್ಳೆಯೇ ಏಳದೆ 100 ಡಿಗ್ರಿ ದಾಟಿ, ಚಮಚ ತಾಗಿದೊಡನೆ ಒಮ್ಮೆಲೇ ಉಕ್ಕಿ ಮುಖ ಸುಡಬಹುದು.

● ಮಾಡಿದ ನೀರು ಸರಿಯಾಗಿದೆಯೇ ಎಂದು ತಿಳಿಯುವುದು ಸುಲಭ. ಒಂದು ಕನ್ನಡಿ ತುಂಡನ್ನು ತೊಳೆದು ಒರೆಸಿ, ಬಾವಿ ನೀರಿನ ಒಂದು ಹನಿ, ಭಟ್ಟಿ ನೀರಿನ ಒಂದು ಹನಿ ಅಕ್ಕಪಕ್ಕ ಇಟ್ಟು ಬಿಸಿಲಿಗೆ ಒಣಗಿಸಿ. ಬಾವಿ ಹನಿಯ ಅಂಚಿನಲ್ಲಿ ಬಿಳಿ ಬಳೆ ಮೂಡುತ್ತದೆ, ಭಟ್ಟಿ ಹನಿಯ ಜಾಗದಲ್ಲಿ ಗುರುತೇ ಇರಬಾರದು. ಪೆನ್ನಿನಷ್ಟು ದೊಡ್ಡ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಸೊನ್ನೆಯಿಂದ ನಾಲ್ಕೈದರೊಳಗೆ ತೋರಿಸಬೇಕು. ಹತ್ತು ದಾಟಿದರೆ ಕುದಿಯುವಾಗ ನೀರು ಸಿಡಿದಿದೆ ಎಂದರ್ಥ, ಇನ್ನೊಮ್ಮೆ ಇಳಿಸಿ. ಕ್ಲೋರೈಡ್ ಇದೆಯೇ ಎಂದು ನೋಡಲು ಕಾಲೇಜಿನ ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಹನಿ ಹಾಕುತ್ತಾರೆ. ಉಪ್ಪಿದ್ದರೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ.

● ಹೊಸದಾಗಿ ಇಳಿಸಿದ ನೀರು ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಪಿಎಚ್ 7ರಿಂದ 5.6ರ ಸುಮಾರಿಗೆ ಇಳಿಯುತ್ತದೆ. ಬ್ಯಾಟರಿಗೆ ಅದರಿಂದ ತೊಂದರೆಯಿಲ್ಲ. ಧೂಳಿನಿಂದ ತೊಂದರೆ. ಗಾಜಿನ ಬಾಟಲಿ ಅಥವಾ ಒಳ್ಳೆಯ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬಿಗಿಯಾಗಿ ಮುಚ್ಚಿಡಿ. ತಗಡಿನ ಡಬ್ಬ ಬೇಡ, ಕಬ್ಬಿಣ ಕರಗುತ್ತದೆ. ಬ್ಯಾಟರಿಗೆ ಹೊಯ್ಯುವ ಆಲಿಕೆಯೂ ಪ್ಲಾಸ್ಟಿಕ್ಕಿನದೇ ಇರಲಿ. ಕ್ಯಾನಿನ ಮೇಲೆ 'ಬ್ಯಾಟರಿ ನೀರು' ಎಂದು ದೊಡ್ಡದಾಗಿ ಬರೆದು ತಾರೀಕು ಹಾಕಿ. ಮನೆಯಲ್ಲಿ ಬ್ಯಾಟರಿ ಆಸಿಡ್ಡೂ ಇದ್ದರೆ ಅದನ್ನು ಬೇರೆಯೇ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಎರಡೂ ಬಣ್ಣವಿಲ್ಲದ ದ್ರವಗಳು, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಜ್ಯೂಸ್ ಬಾಟಲಿಗೆ, ಸೋಡಾ ಬಾಟಲಿಗೆ ಇವೆರಡರಲ್ಲಿ ಯಾವುದನ್ನೂ ತುಂಬಿಸಬೇಡಿ.